ಚಿತಾರ ಓಳಿಯ ಅರ್ಧಚಿತ್ರ

ನಮ್ಮ ನಡುಮನೆಯ ಗೋಡೆಯ ಮೇಲೆ ಗೇಣುದ್ದದ ತೇಗದ ಚೌಕಟ್ಟಿನ ಚಿತ್ರವೊಂದು ತೂಗಿದೆ. ಚಿತ್ರವೆಂಬುದು ರೂಢಿಯ ಮಾತು. ಹತ್ತಿರ ಹೋಗಿ ಬದಿಯಿಂದ ನೋಡಿದರೆ ಮೂಗು ಹಲಗೆಯಿಂದ ಅರ್ಧ ಅಂಗುಲದಷ್ಟು ಮುಂದಕ್ಕೆ ಬಂದಿರುವುದೂ, ಕೆನ್ನೆ ತುಂಬಿಕೊಂಡಿರುವುದೂ, ತಲೆಯ ಮೇಲಣ ಸೆರಗಿನ ಅಂಚು ತೆಳ್ಳನೆಯ ಏಣಾಗಿ ಎದ್ದಿರುವುದೂ ಕಾಣುತ್ತವೆ. ಅದು ಮಣ್ಣು, ಆವಿಗೆಯನ್ನು ಕಾಣದ, ನೆರಳಿನಲ್ಲಿ ಒಣಗಿಸಿ ಬಣ್ಣವಿಟ್ಟ ಬರಿಯ ಮಣ್ಣು. ಅದರಲ್ಲಿರುವವರು ನಮ್ಮ ತಂದೆಯವರ ತಾಯಿ. ಆಕೆ ಧಾರವಾಡದಲ್ಲಿ ತೀರಿಕೊಂಡಾಗ ಮನೆಯಲ್ಲಿ ಆಕೆಯ ಒಂದು ಛಾಯಾಚಿತ್ರವೂ ಇರಲಿಲ್ಲ. ವರ್ಷವರ್ಷವೂ ಮನೆಗೆ ಗಣಪತಿಯನ್ನು ಮಾಡಿಕೊಡುತ್ತಿದ್ದ ಜೀನಗಾರನೊಬ್ಬನು, ಚೌತಿಯ ಮುನ್ನಾದಿನ ಬಾಗಿಲಲ್ಲಿ ನಿಂತು ಮೂರ್ತಿಯನ್ನು ಬರಮಾಡಿಕೊಳ್ಳುತ್ತಿದ್ದ ಆ ಮುಖವನ್ನು ನೆನಪಿನಿಂದಲೇ ತಿದ್ದಿ ಕೊಟ್ಟನೆಂದು ತಂದೆಯವರು ಹೇಳುತ್ತಿದ್ದರು. ಉದ್ಯೋಗನಿಮಿತ್ತ ಅವರು ನಾಗಪುರಕ್ಕೆ ಬಂದಾಗ ಪಾತ್ರೆಪಡಗಗಳ ಜೊತೆಯಲ್ಲಿ ಅದೂ ಬಂದಿತು.

ನಾಗಪುರದ ಬೇಸಗೆಯನ್ನು ಬಲ್ಲ ವಾಚಕರಿಗೆ ಮುಂದಿನ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ವೈಶಾಖದಲ್ಲಿ, ಚೌಕಟ್ಟಿನ ಮೇಲ್ಮೂಲೆಯಿಂದ ಹೊರಟ ಬಿರುಕೊಂದು ಸೆರಗನ್ನು ಸೀಳಿಕೊಂಡು ಎಡಗಣ್ಣಿನ ಹೊರಕೊನೆಯವರೆಗೆ ಬಂದು ನಿಂತಿತು. ಇದನ್ನು ಸರಿಪಡಿಸುವವರು ಯಾರೆಂದು ಕೇಳಿದಾಗ ಎಲ್ಲರೂ ತೋರಿಸಿದ ಸ್ಥಳ ಒಂದೇ: ಮಹಾಲಿನ ಚಿತಾರ ಓಳಿ. ಅಲ್ಲಿ ನಡೆದುದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ನಿಮಿತ್ತವಾಗಿ ನೋಡಿದ, ಓದಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಇಂಥ ವಸ್ತುವನ್ನು ಕೈಯಲ್ಲಿ ಹಿಡಿದ ಕೂಡಲೇ ಇಂದಿನ ವಿದ್ಯಾವಂತನು ಕೇಳುವ ಪ್ರಶ್ನೆಯೊಂದುಂಟು: ಇದು ಚಿತ್ರವೋ, ಶಿಲ್ಪವೋ? ಈ ಪ್ರಶ್ನೆಯೇ ಇತ್ತೀಚಿನದು, ನಮ್ಮ ಹಿರಿಯರಿಗೆ ಇದು ಪ್ರಶ್ನೆಯಾಗಿಯೇ ಇರಲಿಲ್ಲ, ಮತ್ತು ಈ ಪ್ರಶ್ನೆ ಹುಟ್ಟಿದಂದಿನಿಂದ ಈ ಕೆಲಸಕ್ಕೆ ನೆಲೆ ತಪ್ಪಿತು ಎಂಬುದು ನನ್ನ ಅಭಿಪ್ರಾಯ.

ಮೊದಲು ಸ್ಥಳವನ್ನು ಕುರಿತು ಎರಡು ಮಾತು. ನಾಗಪುರವನ್ನು ಹದಿನೆಂಟನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದವನು ದೇವಗಡದ ಗೋಂಡ ಅರಸು ಬಖ್ತ ಬುಲಂದ. ಅದೇ ಶತಮಾನದ ಮಧ್ಯಭಾಗದಲ್ಲಿ ಅದು ಮೊದಲನೆಯ ರಘೂಜಿ ಭೋಂಸಲೆಯ ರಾಜಧಾನಿಯಾಯಿತು. ಭೋಂಸಲೆಯವರ ಅರಮನೆಯ ಸುತ್ತ ಬೆಳೆದ ಪೇಟೆಯೇ ಮಹಾಲ್. ಕಪ್ಪುಕಲ್ಲಿನಿಂದ ಕಟ್ಟಿ ಮರದ ಕೆತ್ತನೆಯಿಂದ ಅಲಂಕರಿಸಿದ್ದ ಆ ಅರಮನೆಯು 1864ರಲ್ಲಿ ಬೆಂಕಿಗೆ ಆಹುತಿಯಾಗಿ, ನಗಾರಖಾನೆಯ ಮಹಾದ್ವಾರವು ಮಾತ್ರ ಉಳಿಯಿತೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಅರಮನೆಗೆ ಬೇಕಾದ ಕಸುಬಿನವರೆಲ್ಲರೂ ಹತ್ತಿರದ ಬೀದಿಗಳಲ್ಲಿ ನೆಲಸಿದ್ದರು. ಚಿತಾರ ಓಳಿಯು ಅಂಥ ಬೀದಿಗಳಲ್ಲೊಂದು. ಭೋಂಸಲೆ ಅರಸರ ಕಾಲದಿಂದ ತಾವು ಅಲ್ಲಿಯೇ ಇರುವುದಾಗಿ ಅಲ್ಲಿಯ ಮನೆಗಳವರು ಹೇಳಿಕೊಳ್ಳುತ್ತಾರೆ. ಅರಮನೆ ಸುಟ್ಟುಹೋಯಿತು, ಅರಸೊತ್ತಿಗೆ ಅಳಿಯಿತು, ಓಳಿ ಉಳಿಯಿತು.

ಈ ಬೀದಿಯ ಹೆಸರು ಕನ್ನಡಿಗನಿಗೆ ಅರ್ಥವಾಗಲು ಯಾವ ನಿಘಂಟೂ ಬೇಡ. ಓಳಿಯೆಂದರೆ ಸಾಲು, ಹಳಗನ್ನಡದ ಕಾವ್ಯಗಳನ್ನೋದಿದವರಿಗೆ ಅದು ನಿತ್ಯಪರಿಚಿತ ಪದ. ಸಂಸ್ಕೃತದ ‘ಆವಳಿ’ ಪ್ರಾಕೃತದ ಮೂಲಕ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ‘ಓಳಿ’ಯಾಯಿತು. ‘ಚಿತಾರ’ವು ಚಿತ್ರಕಾರನ ತದ್ಭವ, ಮಲೆನಾಡಿನ ದೀವರ ಹೆಣ್ಣುಮಕ್ಕಳು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ಅದರ ಒಡಹುಟ್ಟಿದ ಪದ ನಮ್ಮಲ್ಲಿ ಇಂದಿಗೂ ಜೀವಂತವಾಗಿದೆ. ಮರಾಠಿಯ ಊರಿನಲ್ಲಿ ಬದುಕು ಸವೆಸುತ್ತಿರುವ ನಮ್ಮಂಥವರಿಗೆ ಇಂಥ ಹೆಸರುಗಳು ಒಂದು ಬಗೆಯ ನೆಂಟಸ್ತಿಕೆಯನ್ನು ಕೊಡುತ್ತವೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ 940ನೆಯ ಇಸವಿಯ ತಾಮ್ರಶಾಸನವು ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕಿರುವುದನ್ನು ನಾವು ಸಭೆಗಳಲ್ಲಿ ಆಗಾಗ ಎತ್ತಿ ಹೇಳುತ್ತೇವೆ. ಆ ತಾಮ್ರದ ಹಲಗೆಗಳಿಗಿಂತ ಈ ಬೀದಿಯ ಕೆಸರುಗೈಗಳು ನಮಗೆ ಹತ್ತಿರದ ಬಂಧುಗಳೆಂದು ನನಗೆ ತೋರುತ್ತದೆ.

ಗಣೇಶ ಚತುರ್ಥಿಗೆ ಮುನ್ನ ಆ ಬೀದಿಯನ್ನು ನೋಡಬೇಕು. ಮೂರ್ತಿಗಳು ಮನೆಯೊಳಗೆ ಹಿಡಿಸದೆ ಜಗಲಿಗೂ, ಜಗಲಿಯಲ್ಲಿ ಹಿಡಿಸದೆ ಬೀದಿಯ ಚಪ್ಪರಕ್ಕೂ ಇಳಿದಿರುತ್ತವೆ. ಆದರೆ ಓಳಿಯ ವರ್ಷವು ಚೌತಿಗೆ ಮುನ್ನವೇ ಪ್ರಾರಂಭವಾಗಿರುತ್ತದೆ. ಗೋಕುಲಾಷ್ಟಮಿಗೆ ಮಣ್ಣಿನ ಕಾನ್ಹೋಬಾ ಬೇಕು. ಗಣಪತಿಯ ಹಿಂದೆಯೇ ಮಹಾಲಕ್ಷ್ಮಿಯರ ಮುಖಗಳು ಬರುತ್ತವೆ. ಪಿತೃಪಕ್ಷದಲ್ಲಿ ಭೋಂಸಲೆ ಮನೆತನದ ಪದ್ಧತಿಯಾದ ಹಡಪಕ್ಯಾ ಗಣಪತಿ. ಅಷ್ಟರಲ್ಲಿ ನವರಾತ್ರಿಯ ದೇವಿಯ ಕೆಲಸ ತಲೆಯ ಮೇಲೆ. ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಪಂಚಾಂಗವೂ ಇದಕ್ಕೆ ಕಡಮೆಯದಲ್ಲ. ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಗುಳ್ಳವ್ವ, ಪಂಚಮಿಯ ನಾಗಪ್ಪ, ಚೌತಿಯ ಗಣಪ್ಪ, ಅವನ ಬೆನ್ನಿಗೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಮನೆಗೆ ಬರುವ ಜೋಕುಮಾರ. ಈ ಮೂರ್ತಿಗಳಲ್ಲಿ ಹೆಚ್ಚಿನವುಗಳ ಕಡೆಯ ಗತಿ ಒಂದೇ, ಅದು ನೀರು. ಕರಗಬೇಕಾದುದರಿಂದಲೇ ಇವರು ಮಣ್ಣನ್ನು ಸುಡುವುದಿಲ್ಲ. ಕುಂಬಾರನ ಮಡಕೆ ಉಳಿಯುವುದಕ್ಕೆ ಹುಟ್ಟಿದ್ದು, ಚಿತಾರನ ಮೂರ್ತಿ ಅಳಿಯುವುದಕ್ಕೆ ಹುಟ್ಟಿದ್ದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಚೌಕಟ್ಟಿನೊಳಗಿನ ಮುಖವು ಈ ಕಸುಬಿನಲ್ಲಿ ಎಷ್ಟು ವಿಲಕ್ಷಣವಾದುದೆಂಬುದು ತಿಳಿಯುತ್ತದೆ. ಅಳಿಯುವುದನ್ನು ಮಾಡಲು ಪಳಗಿದ ಕೈ, ಉಳಿಯಬೇಕಾದ ಒಂದನ್ನು ಅದೇ ಮಣ್ಣಿನಲ್ಲಿ ಮಾಡುತ್ತದೆ.

ಈಗ ಶಾಸ್ತ್ರದ ಕಡೆಗೆ ಬರೋಣ. ಶಿಲ್ಪಶಾಸ್ತ್ರದ ಗ್ರಂಥಗಳಲ್ಲಿ ‘ಚಿತ್ರ’ವೆಂಬ ಪದಕ್ಕೆ ನಾವು ಇಂದು ಕೊಡುವ ಅರ್ಥವಿಲ್ಲ. ಎಲ್ಲ ಕಡೆಯಿಂದಲೂ ಕಾಣುವಂತೆ ಪೂರ್ಣವಾಗಿ ರೂಪಿಸಿದುದು ಚಿತ್ರ. ಗೋಡೆಗೋ ಹಲಗೆಗೋ ಅಂಟಿಕೊಂಡು ಅರ್ಧ ಮಾತ್ರ ಕಾಣುವಂತೆ ಉಬ್ಬಿದುದು ಅರ್ಧಚಿತ್ರ. ಸಮತಲದ ಮೇಲೆ ಬಣ್ಣದಿಂದ ಬರೆದುದು ಚಿತ್ರಾಭಾಸ. ಕೇರಳದ ಶ್ರೀಕುಮಾರನು ಹದಿನಾರನೆಯ ಶತಮಾನದಲ್ಲಿ ರಚಿಸಿದ ಶಿಲ್ಪರತ್ನದಲ್ಲಿ ಈ ವಿಭಾಗವನ್ನು ಸ್ಪಷ್ಟವಾಗಿ ಕಾಣಬಹುದು. ‘ಆಭಾಸ’ವೆಂಬುದಕ್ಕೆ ಇಂದಿನ ಕನ್ನಡದಲ್ಲಿ ಬಂದಿರುವ ಅರ್ಥವನ್ನು ನೆನೆದು ಚಿತ್ರಕಾರರು ನೊಂದುಕೊಳ್ಳಬೇಕಾಗಿಲ್ಲ; ಇಲ್ಲಿ ಅದಕ್ಕೆ ತೋರಿಕೆಯೆಂದಷ್ಟೇ ಅರ್ಥ. ಗಮನಿಸಬೇಕಾದ ಅಂಶವೆಂದರೆ ಈ ಮೂರೂ ಒಂದೇ ವಿದ್ಯೆಯ ಮೂರು ಮಟ್ಟಗಳು. ಮೂರಕ್ಕೂ ಅಳತೆಯ ತಾಳಮಾನಗಳು ಒಂದೇ, ಮಾಡುವವನ ಹೆಸರೂ ಒಂದೇ. ಶಿಲ್ಪ ಬೇರೆ ಚಿತ್ರ ಬೇರೆ ಎಂದು ಎರಡು ಮನೆ ಮಾಡಿ ನಡುವೆ ಗೋಡೆ ಕಟ್ಟಿದವರು ಶಾಸ್ತ್ರಕಾರರಲ್ಲ. ನಮ್ಮಜ್ಜಿಯ ಮುಖಕ್ಕೆ ಅವರಲ್ಲಿ ಹೆಸರೂ ಇತ್ತು, ಸ್ಥಾನವೂ ಇತ್ತು.

ಈ ವಿಷಯದಲ್ಲಿ ಕನ್ನಡನಾಡಿನ ಒಬ್ಬ ಅರಸನ ಸಾಕ್ಷ್ಯವನ್ನು ಬಿಡುವಂತಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಸುಮಾರು 1130ರಲ್ಲಿ ಸಿದ್ಧವಾದ ಸಂಸ್ಕೃತ ಗ್ರಂಥ. ಅಭಿಲಷಿತಾರ್ಥಚಿಂತಾಮಣಿಯೆಂಬುದು ಅದರ ಇನ್ನೊಂದು ಹೆಸರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದವರು 1926ರಲ್ಲಿ ಅದರ ಒಂದು ಭಾಗವನ್ನು ಅಚ್ಚುಹಾಕಿಸಿದರು. ಅರಸನು ಅದರಲ್ಲಿ ಮನೆಯ ಸುಖವನ್ನು ವರ್ಣಿಸುತ್ತ ಚಿತ್ರದ ಗೋಡೆಯನ್ನು ಸಿದ್ಧಪಡಿಸುವ ಕ್ರಮವನ್ನು ಅಡುಗೆಯ ಪಾಕದಷ್ಟು ವಿವರವಾಗಿ ಹೇಳುತ್ತಾನೆ. ಎಮ್ಮೆಯ ಹಸಿಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವ ತನಕ ಬೇಯಿಸಿ, ಬತ್ತಿಗಳನ್ನಾಗಿ ಹೊಸೆದು ಒಣಗಿಸಬೇಕು. ಬೇಕಾದಾಗ ಅದನ್ನು ಬಿಸಿನೀರಿನಲ್ಲಿ ಕರಗಿಸಿದರೆ ವಜ್ರಲೇಪವೆಂಬ ಅಂಟು. ಅದಕ್ಕೆ ಬಿಳಿಯ ಮಣ್ಣನ್ನು ಬೆರಸಿ ಗೋಡೆಗೆ ಮೂರು ಬಾರಿ ಬಳಿಯಬೇಕು; ಆ ಮೇಲೆ ಶಂಖದ ಪುಡಿ, ನೀಲಗಿರಿಯಲ್ಲಿ ಹುಟ್ಟುವ ಬಿಳಿಯ ಧಾತು. ಬಣ್ಣಗಳಲ್ಲಿ ಬಿಳುಪಿಗೆ ಶಂಖ, ಕೆಂಪಿಗೆ ಇಂಗಳೀಕ, ಅರಗಿನ ರಸ ಮತ್ತು ಜಾಜು, ಹಳದಿಗೆ ಹರಿದಳ, ಕಪ್ಪಿಗೆ ಕಾಡಿಗೆ. ಮಣ್ಣು, ಅಂಟು, ಬಿಳಿಯ ಲೇಪ, ಬಣ್ಣ ಎಂಬ ಈ ಕ್ರಮವು ಚಿತಾರ ಓಳಿಯ ಜಗಲಿಯಲ್ಲಿ ಇಂದು ಕಾಣುವ ಕ್ರಮವೇ. ಸಾಮಗ್ರಿಗಳಷ್ಟೇ ಅಂಗಡಿಯಿಂದ ಬರುತ್ತವೆ.

ಸೋಮೇಶ್ವರನು ಚಿತ್ರಗಳ ಭೇದಗಳನ್ನು ಎಣಿಸುವಾಗ ಮೊದಲನೆಯದಾಗಿ ಹೇಳುವುದು ವಿದ್ಧಚಿತ್ರ: ಕನ್ನಡಿಯಲ್ಲಿಯ ಪ್ರತಿಬಿಂಬದಂತೆ ವ್ಯಕ್ತಿಯ ಸಾದೃಶ್ಯವನ್ನು ಹೊಂದಿರುವುದು. ಮನಸ್ಸಿಗೆ ತೋಚಿದಂತೆ ಬರೆದುದು ಅವಿದ್ಧ. ಭಾವಚಿತ್ರವೆಂದು ನಾವಿಂದು ಕರೆಯುವುದು ಅವನ ವಿದ್ಧಚಿತ್ರವೇ ಆಗಿದೆ; ಅವನ ‘ಭಾವಚಿತ್ರ’ಕ್ಕೆ ಬೇರೆ ಅರ್ಥವುಂಟು, ಅದು ಶೃಂಗಾರಾದಿ ರಸಗಳನ್ನು ನೋಟಮಾತ್ರದಿಂದ ಉಕ್ಕಿಸುವಂಥದು. ಧಾರವಾಡದ ಜೀನಗಾರನ ಕೆಲಸವು ಇವುಗಳಲ್ಲಿ ಯಾವುದು? ಕಣ್ಣೆದುರು ಕುಳಿತವರಿಲ್ಲ, ಆದುದರಿಂದ ಕನ್ನಡಿಯ ಮಾತು ಸಲ್ಲದು. ಮನಸ್ಸಿಗೆ ತೋಚಿದುದೂ ಅಲ್ಲ, ಏಕೆಂದರೆ ಮೂಗುಬೊಟ್ಟಿನ ಎಡೆಯನ್ನೂ ಬಾಯಿಯ ಓರೆಯನ್ನೂ ನೋಡಿ ಬಂಧುಗಳು ಗುರುತಿಸಿ ಅತ್ತರಂತೆ. ನೆನಪಿನ ಸಾದೃಶ್ಯಕ್ಕೆ ಅರಸನು ಕೋಷ್ಟಕ ಮಾಡಿಡಲಿಲ್ಲ. ಬಹುಶಃ ಅದರ ಅಗತ್ಯ ಅವನಿಗೆ ಬೀಳಲಿಲ್ಲ.

ಉಬ್ಬುಶಿಲ್ಪಕ್ಕೆ ಬಣ್ಣವಿಡುವುದು ಬಡವರ ಗೊಂಬೆಯ ಪದ್ಧತಿಯೆಂದು ತಿಳಿಯುವವರು ಎಲ್ಲೋರಕ್ಕೆ ಹೋಗಿಬರಬೇಕು. ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯದ ಶಿಲ್ಪಗಳ ಮೇಲೆ ಗಾರೆಯ ಲೇಪವೂ ಬಣ್ಣವೂ ಇದ್ದುದಕ್ಕೆ ಗುರುತುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಸುತ್ತಲ ಜನರು ಅದನ್ನು ರಂಗಮಹಲ್ ಎಂದು ಕರೆದುದು ಅದರಿಂದಲೇ. ನಾವು ನೋಡುವ ಬೆತ್ತಲೆ ಕಲ್ಲು ಕಾಲದ ಕೆಲಸ, ಶಿಲ್ಪಿಯ ಉದ್ದೇಶವಲ್ಲ.

ಇನ್ನು ಕಸುಬಿನವರು. ವಿಜಾಪುರ, ಬೆಳಗಾವಿ, ಧಾರವಾಡಗಳ ಕಡೆ ಜೀನಗಾರರೆಂಬವರಿದ್ದಾರೆ. ಹೆಸರು ಕುದುರೆಯ ಜೀನಿನಿಂದ ಬಂದುದು. ದಂಡುಗಳೂ ಕುದುರೆಗಳೂ ಹೋದ ಮೇಲೆ ಅವರ ಕೈ ಮರ, ಲೋಹ, ಬಣ್ಣ, ಮಣ್ಣುಗಳ ಕೆಲಸಕ್ಕೆ ಹೊರಳಿತು. ಗೋಕಾಕದ ಹೆಸರುವಾಸಿಯಾದ ಗೊಂಬೆಗಳೂ, ನಿಜವೆಂದು ಕೈ ಹಾಕುವಂತಿರುವ ಬಣ್ಣದ ಹಣ್ಣುಗಳೂ ಅವರ ಮನೆಗಳಲ್ಲಿ ಹುಟ್ಟಿದವು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿರುವವರು ಚಿತ್ರಗಾರರು. ಅವರು ಮರದ ಮೂರ್ತಿಯ ಸಂದುಗಳನ್ನು ‘ಕಿಟ್ಟ’ವೆಂಬ ಲೇಪದಿಂದ ಮುಚ್ಚುತ್ತಾರೆ: ಹಳೆಯ ಗೋಣಿಯ ಚೂರುಗಳನ್ನು ನೆನೆಹಾಕಿ, ಒಣಗಿಸಿ ಪುಡಿಮಾಡಿ, ಮರದ ಹೊಟ್ಟನ್ನೂ ಹುಣಿಸೆಬೀಜದ ಅಂಟನ್ನೂ ಸೇರಿಸಿ ಅರೆದುದು. ಆಭರಣದ ಉಬ್ಬುಗೆರೆಗಳನ್ನೂ ಇಂಥ ಲೇಪದಿಂದಲೇ ಎತ್ತುತ್ತಾರೆ. ಸಾವಂತವಾಡಿ ಮತ್ತು ಗೋವೆಗಳಲ್ಲಿ ಚಿತಾರಿಗಳಿದ್ದಾರೆ. ಹೆಸರು ಊರೂರಿಗೆ ಬೇರೆಯಾದರೂ ಎಲ್ಲೆಡೆಯೂ ರೂಪವನ್ನು ಎತ್ತುವವನೂ ಬಣ್ಣ ಹಚ್ಚುವವನೂ ಒಂದೇ ಮನೆಯವನು. ಆಳು ಒಬ್ಬನಲ್ಲದಿದ್ದರೆ ತಂದೆ ತಿದ್ದುತ್ತಾನೆ, ಮಗನೋ ಸೊಸೆಯೋ ಬಣ್ಣವಿಡುತ್ತಾರೆ. ಕಣ್ಣನ್ನು ಮಾತ್ರ ಮನೆಯ ಹಿರಿಯನಿಗೆ ಬಿಡುವುದುಂಟು.

ಚೌಕಟ್ಟಿನೊಳಗಿನ ಮುಖವನ್ನು ಮಾಡುವ ಬಗೆಯನ್ನು ಓಳಿಯಲ್ಲಿ ಕುಳಿತು ನೋಡಿ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಮಣ್ಣನ್ನು ನೀರಿನಲ್ಲಿ ಕದಡಿ ಸೋಸಿ, ಮರಳೂ ಬೇರೂ ಹೋದ ನಯವಾದ ಕೆಸರನ್ನು ಅರೆಬರೆ ಒಣಗಿಸಿ, ಅರಳೆಯ ಎಳೆಗಳನ್ನು ಬಿಡಿಸಿ ಹಾಕಿ ಚೆನ್ನಾಗಿ ಮಿದಿಯಬೇಕು. ಎಳೆ ಮಣ್ಣನ್ನು ಹಿಡಿದಿಡುತ್ತದೆ. ಇಲ್ಲದಿದ್ದರೆ ತೆಳ್ಳಗೆ ಹರಡಿದ ಮಣ್ಣು ಒಣಗುವಾಗ ಕೆರೆಯ ತಳದಂತೆ ಒಡೆಯುತ್ತದೆ. ಹಲಗೆಯ ಮೈಯನ್ನು ಗೀಚಿ ಒರಟು ಮಾಡಿ, ತೆಳುಗೆಸರು ಬಳಿದು, ಅದರ ಮೇಲೆ ಮಣ್ಣಿನ ಹಾಸು. ಅನಂತರ ತಲೆಯ ಗಡಿಯನ್ನು ಗೆರೆಯಿಂದ ಗುರುತಿಸಿ, ಉಂಡೆಯುಂಡೆಯಾಗಿ ಮಣ್ಣನ್ನು ಕೂಡಿಸುತ್ತ ಹೋಗುವುದು. ಪೂರ್ಣಮೂರ್ತಿಯಲ್ಲಿ ಮೂಗಿನ ತುದಿಯಿಂದ ಕಿವಿಯವರೆಗೆ ಎಷ್ಟು ಆಳವಿದೆಯೋ ಅದನ್ನೆಲ್ಲ ಇಲ್ಲಿ ಅರ್ಧ ಅಂಗುಲದೊಳಗೆ ಮಡಿಸಬೇಕು. ಆದರೂ ಯಾವುದು ಮುಂದು ಯಾವುದು ಹಿಂದು ಎಂಬ ಕ್ರಮ ತಪ್ಪಬಾರದು. ಪಕ್ಕಮುಖವಾದರೆ ಈ ಕಷ್ಟ ಕಡಮೆ, ಗಡಿಗೆರೆಯೇ ಅರ್ಧ ಕೆಲಸ ಮಾಡುತ್ತದೆ. ನಾಣ್ಯಗಳ ಮೇಲೆ ಅರಸರು ಪಕ್ಕಕ್ಕೆ ತಿರುಗಿರುವುದು ಸುಮ್ಮನೆ ಅಲ್ಲ. ನಮ್ಮ ಮೂರ್ತಿಕಾರರಿಗೆ ಎದುರುಮುಖವೇ ಅಭ್ಯಾಸ, ಏಕೆಂದರೆ ದೇವರು ಭಕ್ತನ ಕಡೆ ನೋಡಬೇಕು. ಎದುರುಮುಖವನ್ನು ಅರ್ಧ ಅಂಗುಲದಲ್ಲಿ ಸಾಧಿಸುವುದು ಈ ವಿದ್ಯೆಯಲ್ಲಿ ಅತ್ಯಂತ ಕಠಿನವಾದ ಭಾಗ.

ಒಣಗಿಸುವುದು ನೆರಳಿನಲ್ಲಿ, ಅವಸರವಿಲ್ಲದೆ. ಮಣ್ಣು ಒಣಗುವಾಗ ಅದರ ಜಾತಿಯನ್ನು ಅನುಸರಿಸಿ ಹತ್ತರಲ್ಲೊಂದು ಪಾಲಿನವರೆಗೂ ಕುಗ್ಗುತ್ತದೆ. ಮರ ಹಾಗೆ ಕುಗ್ಗುವುದಿಲ್ಲ. ಹಸಿಯ ಮಣ್ಣನ್ನು ಚೌಕಟ್ಟಿಗೆ ಅಂಟಿಸಿಬಿಟ್ಟರೆ ಎರಡೂ ಜಗ್ಗಾಡಿ, ಮೂಲೆಯಿಂದ ಬಿರುಕು ಹೊರಡುತ್ತದೆ. ಆದುದರಿಂದ ತಿಳಿದವರು ಸುತ್ತಲೂ ಹುಲ್ಲುಕಡ್ಡಿಯಷ್ಟು ಸಂದನ್ನು ಬಿಟ್ಟು, ಒಣಗಿದ ಮೇಲೆ ಅದನ್ನು ಲೇಪದಿಂದ ತುಂಬುತ್ತಾರೆ. ಒಣಗಿದ ಮೈಗೆ ಖಡಿಯ ಪುಡಿಯನ್ನು ಅಂಟಿನಲ್ಲಿ ಕಲಸಿ ಎರಡು ಮೂರು ಕೈ ಬಳಿದು ಉಜ್ಜಿ ನಯಮಾಡಿದರೆ ಬಣ್ಣಕ್ಕೆ ನೆಲ ಸಿದ್ಧವಾಯಿತು.

ಬಣ್ಣವಿಡುವಲ್ಲಿ ಒಂದು ಸೂಕ್ಷ್ಮವಿದೆ. ಸಮತಲದ ಮೇಲೆ ಬರೆಯುವವನು ಮೂಗಿನ ಪಕ್ಕದಲ್ಲಿ ನೆರಳನ್ನು ಬರೆದು ಮೂಗನ್ನು ಎಬ್ಬಿಸುತ್ತಾನೆ. ಇಲ್ಲಿ ಮೂಗು ತಾನಾಗಿ ಎದ್ದಿದೆ, ಅದರ ನೆರಳು ತಾನಾಗಿ ಬೀಳುತ್ತದೆ. ಅಲ್ಲಿಯೂ ಬಣ್ಣದ ನೆರಳನ್ನು ಬರೆದರೆ ಒಂದೇ ಮೂಗಿಗೆ ಎರಡು ನೆರಳಾಗಿ, ಬೆಳಕು ಬಲಗಡೆಯಿಂದ ಬಂದ ಹೊತ್ತಿನಲ್ಲಿ ಮುಖವು ವಿಕಾರವಾಗುತ್ತದೆ. ಬಣ್ಣಗಾರನಿಗೆ ಮಾತ್ರ ಬಣ್ಣ ತಿಳಿದು ಮಣ್ಣು ತಿಳಿಯದಿದ್ದರೆ ಆಗುವ ತಪ್ಪು ಇದೇ. ಎಲ್ಲಿ ಮಣ್ಣು ಮಾತಾಡುತ್ತದೆಯೋ ಅಲ್ಲಿ ಕುಂಚ ಸುಮ್ಮನಿರಬೇಕು. ಕಣ್ಣಿನ ಕಪ್ಪು, ಹುಬ್ಬಿನ ಎಳೆ, ತುಟಿಯ ಕೆಂಪು, ಕುಂಕುಮ ಇವಿಷ್ಟು ಕುಂಚದ ಪಾಲು. ಚಿತ್ರಕ್ಕೂ ಶಿಲ್ಪಕ್ಕೂ ಬೇರೆ ಬೇರೆ ಗುರುಗಳನ್ನು ಇಟ್ಟುಕೊಂಡವನಿಗೆ ಈ ಸಂಯಮವು ಸುಲಭವಾಗಿ ಬಾರದು.

ಚೌಕಟ್ಟಿನ ವಿಷಯಕ್ಕೆ ಬಂದರೆ, ಅದು ಪಾಶ್ಚಾತ್ಯರಿಂದ ಬಂದ ವಸ್ತುವೆಂದು ಕೆಲವರು ಹೇಳುವುದುಂಟು. ಗಾಜು ಹಾಕಿ ಮೊಳೆಗೆ ತೂಗುವ ರೂಢಿಯ ಮಟ್ಟಿಗೆ ಅದು ನಿಜವಿರಬಹುದು. ಆದರೆ ಮೂರ್ತಿಯ ಹಿಂದಣ ಪ್ರಭಾವಳಿಯು ಚೌಕಟ್ಟಲ್ಲದೆ ಮತ್ತೇನು? ನಮ್ಮ ವೀರಗಲ್ಲುಗಳಲ್ಲಿ ಕಾಳಗ, ಸ್ವರ್ಗಾರೋಹಣ, ಶಿವಸಾನ್ನಿಧ್ಯಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಕೂರಿಸಿದ ಪಟ್ಟಿಕೆಗಳು ಚೌಕಟ್ಟುಗಳೇ. ಮಣ್ಣಿನ ಮುಖಕ್ಕೆ ಚೌಕಟ್ಟು ಮಾಡುವ ಉಪಕಾರವು ಅಲಂಕಾರಕ್ಕಿಂತ ಹೆಚ್ಚಿನದು. ಮೂರ್ತಿಯನ್ನು ಪೀಠದ ಮೇಲೆ ಇಡುತ್ತಾರೆ, ಪೀಠದಿಂದ ಎತ್ತಿ ನೀರಿಗೆ ಬಿಡುತ್ತಾರೆ. ಚೌಕಟ್ಟಿಗೆ ಸೇರಿದ ಮಣ್ಣನ್ನು ಯಾರೂ ನೀರಿಗೆ ಬಿಡುವುದಿಲ್ಲ. ಅದು ವಿಸರ್ಜನೆಯ ಪಂಚಾಂಗದಿಂದ ಹೊರಗೆ ಬಂದುಬಿಡುತ್ತದೆ.

ಮಣ್ಣನ್ನು ನೀರಿನಿಂದ ಕಾಪಾಡುವ ಬೇರೊಂದು ದಾರಿಯನ್ನು ದೇವಾಲಯಗಳು ಕಂಡುಕೊಂಡಿದ್ದವು. ಕಾಸರಗೋಡಿನ ಕುಂಬಳೆಯ ಬಳಿ ಕೆರೆಯ ನಡುವೆ ಇರುವ ಅನಂತಪುರದ ದೇವಾಲಯದಲ್ಲಿ ಮೂಲಮೂರ್ತಿಗಳು ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ. ಮಣ್ಣು ಮತ್ತು ಹಲವು ಮೂಲಿಕೆಗಳಿಂದ ಪಾಕಗೊಳಿಸಿದ ಕಡುಶರ್ಕರದವು. ಇಂಥ ಮೂರ್ತಿಗೆ ನೀರಿನ ಅಭಿಷೇಕ ಸಲ್ಲದು; ಆ ಉಪಚಾರವನ್ನು ಲೋಹದ ಬೇರೊಂದು ಮೂರ್ತಿಗೆ ಮಾಡುವುದು ಇಂಥ ದೇವಾಲಯಗಳ ಸಂಪ್ರದಾಯ. ಅಲ್ಲಿಯ ಕಡುಶರ್ಕರ ಮೂರ್ತಿಗಳ ಸ್ಥಾನದಲ್ಲಿ 1972ರಲ್ಲಿ ಪಂಚಲೋಹದವನ್ನು ಸ್ಥಾಪಿಸಲಾಯಿತು. ಅನಂತರ ಹಳೆಯ ಪಾಕಕ್ಕೇ ಮರಳುವ ಪ್ರಯತ್ನಗಳು ಹುಟ್ಟಿದುದು, ಮಣ್ಣಿನ ದೇವರನ್ನು ಜನರು ಮರೆಯಲಿಲ್ಲವೆಂಬುದಕ್ಕೆ ಗುರುತು.

ಯೂರೋಪಿನಲ್ಲಿಯೂ ಈ ಜಾತಿಯ ಕೆಲಸವಿತ್ತು. ಹದಿನೈದನೆಯ ಶತಮಾನದ ಫ್ಲಾರೆನ್ಸಿನಲ್ಲಿ ಲೂಕಾ ಡೆಲ್ಲಾ ರೋಬ್ಬಿಯ ಎಂಬ ಶಿಲ್ಪಿಯು ಮಣ್ಣಿನ ಉಬ್ಬುಮುಖಗಳಿಗೆ ಬಣ್ಣದ ಗಾಜುಲೇಪವನ್ನು ಕೊಟ್ಟು ಸುಟ್ಟು, ಹಣ್ಣು ಎಲೆಗಳ ಮಾಲೆಯ ಚೌಕಟ್ಟುಗಳಲ್ಲಿ ಕೂರಿಸಿದನು. ಅವನ ಮನೆತನವೇ ಆ ಕಸುಬಿನಿಂದ ಪ್ರಸಿದ್ಧವಾಯಿತು. ಅವನಿಗೆ ಬೆಂಕಿಯ ಬೆಂಬಲವಿತ್ತು, ನಮ್ಮವರಿಗೆ ಅದಿಲ್ಲ. ನಮ್ಮ ದೇಶದಲ್ಲಿ ಬಂಗಾಲದ ಕೃಷ್ಣನಗರದ ಮಣ್ಣಿನ ಕೆಲಸಗಾರರು 1851ರ ಲಂಡನ್ನಿನ ಮಹಾಪ್ರದರ್ಶನದಿಂದ ಖ್ಯಾತಿ ಪಡೆದರು. ಆದರೆ ಆ ಖ್ಯಾತಿಯು ಎಂಥದು? ಜಾತಿಜಾತಿಯ ಜನರ, ಕಸುಬುಕಸುಬಿನವರ ಮಾದರಿಗಳನ್ನು ಮಾಡಿಕೊಡುವ ಜಾಣರೆಂದು. ಮಾದರಿಗೆ ಹೆಸರಿರುವುದಿಲ್ಲ. ನೇಕಾರ, ಬಡಗಿ, ಭಿಸ್ತಿ ಎಂದು ಚೀಟಿ ಇರುತ್ತದೆ. ಒಬ್ಬ ಅಜ್ಜಿಯ ಮುಖಕ್ಕೆ ಆ ಪ್ರದರ್ಶನದ ಕಪಾಟಿನಲ್ಲಿ ಎಡೆಯಿಲ್ಲ.

ನಾಗಪುರದಲ್ಲಿ ಇದೇ ಬದಲಾವಣೆಯು ಕೆಲವೇ ವರ್ಷಗಳಲ್ಲಿ ನಡೆದುಹೋಯಿತು. 1853ರಲ್ಲಿ ಮೂರನೆಯ ರಘೂಜಿ ತೀರಿಕೊಂಡನು. ದತ್ತಕವನ್ನು ಒಪ್ಪದೆ ಕಂಪನಿ ಸರಕಾರವು ರಾಜ್ಯವನ್ನು ವಶಪಡಿಸಿಕೊಂಡಿತು. 1861ರಲ್ಲಿ ಮಧ್ಯಪ್ರಾಂತ ರಚಿತವಾಯಿತು, 1863ರಲ್ಲಿ ಜನರು ಅಜಬ್ ಬಂಗಲೆಯೆಂದು ಕರೆಯುವ ವಸ್ತುಸಂಗ್ರಹಾಲಯ, 1864ರಲ್ಲಿ ಅರಮನೆಗೆ ಬೆಂಕಿ, 1865ರ ಡಿಸೆಂಬರಿನಲ್ಲಿ ಕಲೆ ಕೈಗಾರಿಕೆಗಳ ಮಹಾಪ್ರದರ್ಶನ. ಒಂದು ಬೀದಿಯ ಕಸುಬಿನವರ ದೃಷ್ಟಿಯಿಂದ ಈ ಇಸವಿಗಳನ್ನು ಓದಿದರೆ, ಅರಸನ ಮುಖವನ್ನು ಬರೆಯಿಸುವ ಅರಮನೆ ಹೋಗಿ, ಕೆಲಸದ ಮಾದರಿಯನ್ನು ಕೇಳುವ ಪ್ರದರ್ಶನ ಬಂದಿತೆಂದು ಅರ್ಥ. ಅದರ ಬೆನ್ನಿಗೇ ಛಾಯಾಚಿತ್ರ. ಮುಖದ ಸಾದೃಶ್ಯಕ್ಕೆ ಇನ್ನು ಜೀನಗಾರನ ನೆನಪಿನ ಅಗತ್ಯವಿಲ್ಲವಾಯಿತು. ದೇವರ ಚಿತ್ರಗಳಿಗೆ 1894ರಲ್ಲಿ ರವಿವರ್ಮನ ಅಚ್ಚಿನ ಮನೆ ಮುಂಬಯಿಯಲ್ಲಿ ಪ್ರಾರಂಭವಾಯಿತು. ಇಲ್ಲಿ ಒಂದು ವಿನೋದವನ್ನು ಹೇಳದಿರಲಾರೆ. ಆ ಅಚ್ಚಿನ ಲಕ್ಷ್ಮಿ ಸರಸ್ವತಿಯರನ್ನು ಕೊಂಡುತಂದ ಗೃಹಿಣಿಯರು ಸೀರೆಯ ಜಾಗಕ್ಕೆ ಬಟ್ಟೆಯನ್ನೂ ಅಂಚಿಗೆ ಜರಿಯನ್ನೂ ಅಂಟಿಸಿ, ಗಾಜು ಹಾಕಿಸಿ, ಸಮತಲದ ಚಿತ್ರವನ್ನು ಮತ್ತೆ ಉಬ್ಬುಚಿತ್ರವಾಗಿಸಿದರು. ಚಿತ್ರಾಭಾಸದಿಂದ ಅರ್ಧಚಿತ್ರಕ್ಕೆ ಹತ್ತಿದ ಈ ಮೆಟ್ಟಿಲನ್ನು ಯಾವ ಕಲಾಶಾಲೆಯೂ ಅವರಿಗೆ ಕಲಿಸಲಿಲ್ಲ.

ಕಲಾಶಾಲೆಗಳು ಕಲಿಸಿದುದು ಬೇರೆ. ಮದರಾಸು, ಕಲಕತ್ತೆ, ಮುಂಬಯಿಗಳಲ್ಲಿ 1850ರಿಂದ 1857ರ ಒಳಗೆ ಹುಟ್ಟಿದ ಈ ಶಾಲೆಗಳಲ್ಲಿ ರೇಖೆ ಬಣ್ಣಗಳ ವರ್ಗ ಒಂದು, ಮಣ್ಣು ತಿದ್ದುವ ವರ್ಗ ಇನ್ನೊಂದು. ಮೂರ್ತಿಕಾರರ ಮನೆಗಳಿಂದ ಬಂದ ಬುದ್ಧಿವಂತ ಮಕ್ಕಳು ಅಲ್ಲಿ ಒಂದು ಬಾಗಿಲನ್ನು ಆರಿಸಿಕೊಳ್ಳಬೇಕಾಯಿತು. ಕೊಂಕಣದ ಸಾಸವಣೆಯಲ್ಲಿ ಗಣಪತಿ ಮಾಡುವ ಮನೆಯಲ್ಲಿ ಬೆಳೆದ ವಿ. ಪಿ. ಕರಮರಕರರು (1891–1967) ಹೀಗೆ ಶಿಲ್ಪಿಗಳಾಗಿ ಕೀರ್ತಿ ಗಳಿಸಿದರು. ಅವರು ಮಾಡಿದ ಶಿವಾಜಿಯ ಅಶ್ವಾರೂಢ ಪ್ರತಿಮೆಯನ್ನು 1928ರಲ್ಲಿ ಪುಣೆಯಲ್ಲಿ ಸ್ಥಾಪಿಸಿದರು.

ಎರಡು ಬಾಗಿಲುಗಳನ್ನೂ ತೆರೆದಿಟ್ಟುಕೊಳ್ಳಲು ಯತ್ನಿಸಿದ ಕನ್ನಡಿಗರೊಬ್ಬರು ನೆನಪಿಗೆ ಬರುತ್ತಾರೆ: ಕೆ. ವೆಂಕಟಪ್ಪನವರು (1886–1965). ಮೈಸೂರಿನ ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ಆ ಪರಂಪರೆಯಲ್ಲಿ ಚಿತ್ರವು ಸಂಪೂರ್ಣವಾಗಿ ಸಮತಲವಾಗಿರಲೇ ಇಲ್ಲವೆಂಬುದನ್ನು ಮರೆಯಬಾರದು. ಮಕ್ಕಿ ಸಫೇದವನ್ನು ರೇವಲ್ಚಿನ್ನಿಯ ಹಾಲಿನಲ್ಲಿ ಕಲಸಿ ಕಿರೀಟ, ಆಭರಣ, ಸಿಂಹಾಸನಗಳನ್ನು ತೆಳ್ಳಗೆ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸುವುದು ಮೈಸೂರು ಚಿತ್ರದ ಜೀವಾಳ. ವೆಂಕಟಪ್ಪನವರು ಕಲಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದು 1913ರಲ್ಲಿ ಪ್ರಕಟವಾದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿ ಅವರ ಚಿತ್ರಗಳಿವೆ. ದಂತದ ಹಲ್ಲೆಯ ಮೇಲೆ ಅಂಗುಲಗಳ ಅಳತೆಯ ಮುಖಗಳನ್ನು ಬರೆದರು, ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಜೊತೆಗೆ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ಮೈಸೂರಿನ ಅರಮನೆಗಾಗಿ ಕೈಗೊಂಡ ಉಬ್ಬುಶಿಲ್ಪಗಳ ಕೆಲಸವು, 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ವ್ಯಾಜ್ಯಕ್ಕೆ ಸಿಕ್ಕಿ ನ್ಯಾಯಾಲಯದವರೆಗೂ ಹೋಯಿತು. ಅವರು ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದು ಏಕಾಂಗಿಯಾಗಿ ಬಾಳಿದರು. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ.

ವೆಂಕಟಪ್ಪನವರನ್ನು ಕುರಿತು ಬರೆಯುವವರು ಜಲವರ್ಣದ ದೃಶ್ಯಗಳನ್ನು ಎತ್ತಿ ಹಿಡಿದು, ಪ್ಲಾಸ್ಟರಿನ ಉಬ್ಬುಗಳನ್ನು ಮಹನೀಯರೊಬ್ಬರ ಹವ್ಯಾಸವೆಂಬಂತೆ ದಾಟಿಹೋಗುವುದನ್ನು ಕಂಡಿದ್ದೇನೆ. ನನಗೆ ತೋರುವುದು ಬೇರೆ. ಬಣ್ಣದ ಕೆಲಸವನ್ನು ಕಾಗದಕ್ಕೂ ಉಬ್ಬಿನ ಕೆಲಸವನ್ನು ಪ್ಲಾಸ್ಟರಿಗೂ ಹಂಚಿದ ಮೇಲೂ, ಆ ಕೈ ತಂದೆತಾತಂದಿರ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದ ಕೈಯೇ. ಮೈಸೂರಿನ ಚಿತ್ರಗಾರನಿಗೆ ಉಬ್ಬು ಹವ್ಯಾಸವಲ್ಲ, ಅಕ್ಷರಾಭ್ಯಾಸ.

ಪ್ಲಾಸ್ಟರಿನ ಮಾತು ಬಂದುದರಿಂದ ಓಳಿಯ ಇಂದಿನ ಸ್ಥಿತಿಯನ್ನು ಹೇಳಬೇಕು. ವೆಂಕಟಪ್ಪನವರಿಗೆ ಸಾಧನವಾಗಿದ್ದ ವಸ್ತುವೇ ಮೂರ್ತಿಕಾರರ ಬೀದಿಗಳಿಗೆ ಸಂಕಟವಾಗಿ ಬಂದಿತು. ಅಚ್ಚಿಗೆ ಸುರಿದರೆ ಬೇಗನೆ ಗಟ್ಟಿಯಾಗುವ, ಹಗುರವಾದ, ಅಗ್ಗದ ಮೂರ್ತಿ. ಮಣ್ಣು ತಿದ್ದುವ ಬೆರಳಿಗೆ ಅಲ್ಲಿ ಕೆಲಸವಿಲ್ಲ, ಬಣ್ಣದ ಕೈಗೆ ಮಾತ್ರ ಇದೆ. ಶಾಲೆಗಳು ಕಾಗದದ ಮೇಲೆ ಮಾಡಿದ ವಿಭಾಗವನ್ನು ಅಚ್ಚು ಬೀದಿಯಲ್ಲಿಯೇ ಮಾಡಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಮೇ ತಿಂಗಳಿನಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಇಂಥ ಮೂರ್ತಿಗಳನ್ನು ನಿಷೇಧಿಸಿತು. ಅಂದಿನಿಂದ ವಾದವಿವಾದಗಳು ನಡೆದೇ ಇವೆ. ನೀರಿನ ದೃಷ್ಟಿಯಿಂದ ಅದು ಸರಿಯಾದ ನಿರ್ಣಯ. ಆದರೆ ಮಣ್ಣಿಗೆ ಮರಳಿರೆಂದು ಆಜ್ಞೆ ಮಾಡುವಷ್ಟು ಸುಲಭವಲ್ಲ, ಮಣ್ಣು ಬಲ್ಲ ಬೆರಳನ್ನು ಮರಳಿ ಪಡೆಯುವುದು.

ಇನ್ನು ನಮ್ಮ ಬಿರುಕಿನ ಕಥೆ. ಚಿತಾರ ಓಳಿಯ ಒಂದು ಜಗಲಿಯಲ್ಲಿ ವಯಸ್ಸಾದ ಕೆಲಸಗಾರರೊಬ್ಬರು ಚೌಕಟ್ಟನ್ನು ಕೈಗೆ ತೆಗೆದುಕೊಂಡು, ಮುಖವನ್ನು ನೋಡುವ ಮೊದಲು ಅದನ್ನು ತಿರುಗಿಸಿ ಹಿಂಬದಿಯ ಹಲಗೆಯನ್ನು ನೋಡಿದರು. ಆಮೇಲೆ ಅಂಚಿನ ಸಂದಿಯಲ್ಲಿ ಉಗುರಾಡಿಸಿ, “ಮಾಡಿದವನು ತಿಳಿದವನೇ, ಸಾಹೇಬರೆ. ಸಂದು ಬಿಟ್ಟಿದ್ದಾನೆ. ಯಾರೋ ಆಮೇಲೆ ಇದಕ್ಕೆ ಸಿಮೆಂಟು ತುಂಬಿದ್ದಾರೆ” ಎಂದು ಮರಾಠಿಯಲ್ಲಿ ಹೇಳಿದರು. ತುಂಬಿದವನು ನಾನೇ, ಗೋಡೆಗೆ ಸುಣ್ಣ ಹೊಡೆಸಿದ ವರ್ಷ, ಸಂದಿನಲ್ಲಿ ಜಿರಳೆ ಸೇರುತ್ತದೆಂದು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಸಿಮೆಂಟನ್ನು ಚೂರುಚೂರಾಗಿ ಕೆರೆದು ತೆಗೆದು, ಎಂಟು ದಿನ ಇಟ್ಟುಕೊಂಡು, ಸೆರಗಿನ ಮೇಲಣ ಬಿರುಕನ್ನು ಗುರುತು ಸಿಗದಂತೆ ಮುಚ್ಚಿ, ಅದೇ ಹಸುರನ್ನು ಕೂಡಿಸಿ ಹಚ್ಚಿಕೊಟ್ಟರು. ಕಣ್ಣಿನ ಬಳಿಯ ಎಳೆಯನ್ನು ಮಾತ್ರ ಮಣ್ಣಿನಿಂದ ತುಂಬಿ, ಬಣ್ಣ ಹಚ್ಚದೆ ಬಿಟ್ಟಿದ್ದರು. ಅದನ್ನೂ ಮುಗಿಸಿಬಿಡಿರೆಂದು ಕೇಳಿದೆ. “ದೇವರ ಕಣ್ಣು ನಾನು ಎಷ್ಟು ಬೇಕಾದರೂ ಬರೆಯುತ್ತೇನೆ. ಇವರನ್ನು ಅವನು ನೋಡಿದ್ದ, ನಾನು ನೋಡಿಲ್ಲ” ಎಂದರು. ಹಾಗೆಯೇ ತಂದು ತೂಗುಹಾಕಿದ್ದೇನೆ. ಎಡಗಣ್ಣಿನ ಕೊನೆಯಲ್ಲಿ ಅಕ್ಕಿಕಾಳಿನಷ್ಟು ಮಹಾಲಿನ ಮಣ್ಣು ಕಾಣುತ್ತದೆ.